ಅಡಿವೆಪ್ಪನ ಕಿವಿ

ಅಡಿವೆಪ್ಪನ ಕಿವಿಯ ಸುದ್ದಿ ಹೊಳೆಯ ಎರಡೂ ದಂಡೆಯವರಿಗೆ ಗೊತ್ತಿತ್ತು.

ಅಡಿಗೆಮನೆಯಲ್ಲಿ ಊಟಕ್ಕೆ ಕೂತಿರುತ್ತಿದ್ದ. ಅತ್ತ ಪಡಸಾಲೆಯಲ್ಲಿ ತಂಬೂರಿಯ ತಂತಿಯೊಂದು ಕೂದಲೆಳೆಯಷ್ಟು ಇಳಿದರೆ ಸಾಕು, ರೊಟ್ಟಿ ಮುರಿಯುವುದನ್ನು ಬಿಟ್ಟು ತಲೆ ಎತ್ತುತ್ತಿದ್ದ. ನಡುವಿನ ತಂತಿ ಇಳಿದೈತಿ ನೋಡ್ರಿ ಅನ್ನುತ್ತಿದ್ದ. ಹೋಗಿ ನೋಡಿದರೆ ಇಳಿದೇ ಇರುತ್ತಿತ್ತು.

ಕಲಿಯುವವರು ಅವನಿಗೆ ಅಂಜುತ್ತಿದ್ದರು. ಅದು ಅವನಿಗೂ ಗೊತ್ತಿತ್ತು, ಒಳಗೊಳಗೆ ಸ್ವಲ್ಪ ಖುಷಿಯೂ ಇತ್ತು. ಸುಳ್ಳು ಯಾಕೆ ಹೇಳಬೇಕು, ಸ್ವಲ್ಪವಲ್ಲ, ಬೇಕಾದಷ್ಟು ಇತ್ತು.

ಅವನಿದ್ದದ್ದು ಮಹಾಂತಯ್ಯ ಅಜ್ಜಾರ ಗುರುಕುಲದಲ್ಲಿ. ಕೃಷ್ಣೆಯ ದಂಡೆಗೆ ಒಂದು ಪಡಸಾಲೆ, ಅದರ ಬೆನ್ನಿಗೆ ಕೆಲವು ಕೋಣೆಗಳು, ಅಂಗಳದಲ್ಲಿ ಒಂದು ಬೇವಿನ ಮರ. ಅಲ್ಲಿ ಸಂಗೀತ ಕಲಿಸುತ್ತಿದ್ದರು, ಬೇರೆ ಏನೂ ಕಲಿಸುತ್ತಿರಲಿಲ್ಲ. ಅಜ್ಜಾರಿಗೆ ವಯಸ್ಸಾಗಿತ್ತು. ಪಾಠದ ಹೆಚ್ಚಿನ ಪಾಲು ಈಗ ಅಡಿವೆಪ್ಪನ ಹೆಗಲ ಮೇಲೆ ಬಿದ್ದಿತ್ತು.

ಅಲ್ಲಿಯದೊಂದು ಪದ್ಧತಿ ಹೇಳಿಬಿಡಬೇಕು, ಇಲ್ಲದಿದ್ದರೆ ಕಥೆ ಮುಂದೆ ಹೋಗುವುದಿಲ್ಲ. ಬೆಳಕು ಹರಿಯುವಾಗ ಪಡಸಾಲೆಯಲ್ಲಿ ತಂಬೂರಿ ಶುರುವಾದರೆ ಸಂಜೆ ದೀಪ ಹಚ್ಚುವವರೆಗೆ ನಿಲ್ಲುತ್ತಿರಲಿಲ್ಲ. ಶಿಷ್ಯರು ಪಾಳಿಯ ಮೇಲೆ ಕೂತು ಮೀಟುತ್ತಿದ್ದರು. ಒಬ್ಬರ ಕೈ ಸೋತರೆ ಇನ್ನೊಬ್ಬರ ಕೈ.

ಪಾಠ, ಊಟ, ಜಗಳ, ಕಸ ಗುಡಿಸುವುದು, ಎಲ್ಲವೂ ಆ ಷಡ್ಜದ ಮೇಲೆಯೇ ನಡೆಯುತ್ತಿತ್ತು. ಷಡ್ಜ ಅಂದರೆ ಹಾಡಿನ ಮನೆ. ಅಲ್ಲಿಂದಲೇ ಹೊರಡಬೇಕು, ಎಲ್ಲಿ ಸುತ್ತಿದರೂ ಅಲ್ಲಿಗೇ ಬಂದು ಸೇರಬೇಕು. ಹಗಲು ಹೊತ್ತಿನಲ್ಲಿ ತಂಬೂರಿ ನಿಂತಿತೆಂದರೆ ಗುರುಕುಲದಲ್ಲಿ ಯಾರೋ ತೀರಿಕೊಂಡರು ಎಂದು ತಿಳಿಯಬೇಕು.

ಇಂಥ ಜಾಗಕ್ಕೆ ನೀಲಗಂಗಾ ಬಂದಳು. ಬಂದಳು ಅನ್ನುವುದು ತಪ್ಪು, ತಿರುಗಿ ಬಂದಳು.

ಚಿಕ್ಕವಳಿದ್ದಾಗ ಇದೇ ಪಡಸಾಲೆಯಲ್ಲಿ ವಯೋಲಿನ್ ಕಲಿತವಳು. ಬೆರಳು ಎಲ್ಲಿಟ್ಟರೆ ಸ್ವರ ನಿಲ್ಲುತ್ತದೆ ಎಂದು ಹಾಡಿ ತೋರಿಸಿಕೊಟ್ಟವನು ಅಡಿವೆಪ್ಪನೇ. ಅವನನ್ನು ಅಣ್ಣ ಅನ್ನುತ್ತಿದ್ದಳು. ನಾಗರ ಪಂಚಮಿಗೆ ಉಂಡಿ ಕಟ್ಟಿದರೆ ಮೊದಲ ಉಂಡಿ ಅವನಿಗೇ.

ಆಮೇಲೆ ಮುಂಬಯಿಗೆ ಹೋದಳು. ಅಲ್ಲಿ ಪಾಶ್ಚಾತ್ಯ ವಾದ್ಯಗಳಿಗೆ ಹೊಸ ಥರದ ಸಂಗೀತ ಬರೆಯುವುದನ್ನು ಕಲಿತಳಂತೆ. ಸಂಗೀತವನ್ನು ಹಾಡದೆ ಬರೆಯುತ್ತಾರೆಯೇ ಎಂದು ಅಡಿಗೆಮನೆಯ ಬಸಲಿಂಗವ್ವ ಗಲ್ಲಕ್ಕೆ ಕೈ ಹಚ್ಚಿಕೊಂಡಿದ್ದಳು.

ಈಗ ಮೂವರು ಗೆಳತಿಯರನ್ನು ಕರೆದುಕೊಂಡು ಬಂದಿದ್ದಳು. ಎರಡು ವಯೋಲಿನ್, ಅದಕ್ಕಿಂತ ತುಸು ದೊಡ್ಡದಾದ ವಿಯೋಲಾ, ನೆಲಕ್ಕೆ ಊರಿ ತೊಡೆಗಳ ನಡುವೆ ಹಿಡಿದು ನುಡಿಸುವ ಚೆಲ್ಲೊ. ಹೀಗೆ ನಾಲ್ಕು ವಾದ್ಯ. ಅವುಗಳಿಗಾಗಿ ಅವಳು ಹೊಸದೊಂದು ಕೃತಿ ಮಾಡಿದ್ದಳು. ಅದನ್ನು ಇನ್ನೂ ಯಾರ ಮುಂದೂ ನುಡಿಸಿರಲಿಲ್ಲ.

ಅಜ್ಜಾರ ಗುರುಗಳ ಪುಣ್ಯತಿಥಿ ಹತ್ತಿರ ಬಂದಿತ್ತು. ಸುತ್ತಲಿನ ಊರುಗಳಿಂದ ಹಳೆಯ ಶಿಷ್ಯರು ಬಂದು ಸೇರುವ ದಿನ. ಆ ದಿನ ಇಲ್ಲಿಯೇ ಮೊದಲು ನುಡಿಸಬೇಕು, ಇದು ನಾನು ಬೆಳೆದ ಮನೆ ಎಂದು ಅಜ್ಜಾರ ಕಾಲಿಗೆ ಬಿದ್ದು ಕೇಳಿಕೊಂಡಳು.

ಈ ಸಲ ಯಾರು ಹಾಡಬೇಕು, ಯಾರು ನುಡಿಸಬೇಕು ಅನ್ನೋದೆಲ್ಲ ಅಡಿವೆಪ್ಪನ ಕೈಯಲ್ಲಿದೆ, ಅವನನ್ನೇ ಕೇಳು ಅಂದರು ಅಜ್ಜಾರು.

ಅಡಿವೆಪ್ಪ ಪಡಸಾಲೆಯಲ್ಲಿ ಕೂತು ಕೇಳಿದ. ಮೂಲೆಯಲ್ಲಿ ಯಾವನೋ ಶಿಷ್ಯ ಪಾಳಿಯಂತೆ ತಂಬೂರಿ ಮೀಟುತ್ತಿದ್ದ.

ಚೆಲ್ಲೊ ಎಲ್ಲೋ ಆಳದಲ್ಲಿ ಒಂದು ಸ್ವರ ಹಿಡಿದು ನಿಂತಿತು. ಅದು ಷಡ್ಜವಾಗಿರಲಿಲ್ಲ. ಉಳಿದ ಮೂರೂ ತಮಗೆ ತೋಚಿದ ಕಡೆ ಹೊರಟವು. ಒಂದು ಜಾರಿತು, ಒಂದು ಕೆರೆಯಿತು, ಇನ್ನೊಂದು ಸುಮ್ಮನಾಗಿಬಿಟ್ಟಿತು. ತಾಳ ಎಲ್ಲಿದೆ ಎಂದು ಅಡಿವೆಪ್ಪ ತೊಡೆಯ ಮೇಲೆ ಬೆರಳು ಮಡಚಿ ನೋಡಿದ. ಬೆರಳುಗಳೇ ಗಲಿಬಿಲಿಯಾದವು. ತಂಬೂರಿಗೂ ಆ ನಾಲ್ಕು ವಾದ್ಯಗಳಿಗೂ ಹಾಡಹಗಲೇ ಕುಸ್ತಿ ನಡೆದಿತ್ತು. ಅವನ ಹಲ್ಲು ಜುಮ್ಮೆಂದವು.

ನಡುವೆಯೇ ಕೈ ಎತ್ತಿದ.

"ಸಾಕು ತಂಗಿ. ಇದು ಬೇಸೂರು."

ಸಿಟ್ಟಿನಿಂದ ಹೇಳಿದ್ದರೆ ಚೆನ್ನಾಗಿತ್ತು. ಮಡಿಕೆ ಕೊಳ್ಳುವವರು ಬಾರಿಸಿ ನೋಡಿ, ಇದು ಸೀಳಿದೆ ಎಂದು ಪಕ್ಕಕ್ಕಿಡುವ ಹಾಗೆ ಹೇಳಿದ.

ನೀಲಗಂಗಾ ವಯೋಲಿನ್ನನ್ನು ಪೆಟ್ಟಿಗೆಯಲ್ಲಿ ಇಟ್ಟಳು.

"ಹೊರಗಿನವರು ಹಂಗ ಅಂದ್ರ ನಾ ನಕ್ಕು ಬಿಡತೀನಿ ಅಣ್ಣ. ನೀನs ಅಂದ್ರ ಎಲ್ಲಿಗೆ ಹೋಗಲಿ?"

ಅಡಿವೆಪ್ಪ ಮೂಲೆಯ ತಂಬೂರಿಯ ಕಡೆ ಮುಖ ತಿರುಗಿಸಿದ.

ಪುಣ್ಯತಿಥಿ ಮುಗಿಯುವವರೆಗೆ ಇರುತ್ತೇವೆ ಅಂದಳು, ಅದು ಗುರುಗಳಿಗೆ ಸಲ್ಲಬೇಕಾದ ಮರ್ಯಾದೆ. ಆ ಸಂಜೆಯ ದೋಣಿಗೆ ಹೊಳೆ ದಾಟುತ್ತೇವೆ. ಆಮೇಲೆ ಮಾತ್ರ ಈ ಕಡೆ ತಿರುಗಿ ಬರುವುದಿಲ್ಲ. ಇದನ್ನೂ ಅವಳು ಸಿಟ್ಟಿನಿಂದ ಹೇಳಲಿಲ್ಲ. ಅವಳ ಸ್ವಭಾವ ಅಡಿವೆಪ್ಪನಿಗೆ ಗೊತ್ತು. ಒಮ್ಮೆ ಹೇಳಿದಳೆಂದರೆ ಮುಗಿಯಿತು. ಒಡಹುಟ್ಟಿದ ತಂಗಿ ಇಲ್ಲದವನು ಅವನು, ಇವಳೇ ತಂಗಿ.

ಆದರೆ ಬೇಸೂರನ್ನು ಸುರ ಅನ್ನುವುದಕ್ಕೆ ಆಗುತ್ತದೆಯೇ? ತಂಗಿ ಎಂಬ ಕಾರಣಕ್ಕೆ?

ಅಜ್ಜಾರು ಬೇವಿನ ಮರದ ಕೆಳಗೆ ಕೂತು ಶೇಂಗಾ ಸುಲಿಯುತ್ತಿದ್ದರು. ಅಡಿವೆಪ್ಪ ಹೋಗಿ ಎದುರಿಗೆ ಕೂತ.

"ಕೇಳಿದೇನು?" ಅಂದರು ಅಜ್ಜಾರು.

"ಕೇಳಿದ್ನಿರಿ."

"ಏನು ಕೇಳಿದಿ?"

ಅಡಿವೆಪ್ಪ ಒಂದೊಂದಾಗಿ ಹೇಳಿದ. ಷಡ್ಜ ಇಲ್ಲ. ರಾಗ ಇಲ್ಲ. ತಾಳ ಇಲ್ಲ. ಆಲಾಪವಿಲ್ಲ, ಬಂದಿಶ್ ಇಲ್ಲ. ಎತ್ತುಗಡೆ ಎಲ್ಲಿ, ಮುಕ್ತಾಯ ಎಲ್ಲಿ, ಒಂದೂ ಇಲ್ಲ.

ಅಜ್ಜಾರು ಒಂದು ಕಾಳು ಬಾಯಿಗೆ ಹಾಕಿಕೊಂಡರು.

"ಇಲ್ಲದ್ದನ್ನ ಎಲ್ಲ ಹೇಳಿದಿ. ಇನ್ನ ಇದ್ದದ್ದನ್ನ ಹೇಳು."

ಅಡಿವೆಪ್ಪ ಬಾಯಿ ತೆರೆದ. ಮುಚ್ಚಿದ. ಏನಿತ್ತು ಎಂದು ನೆನಪು ಮಾಡಿಕೊಳ್ಳಲು ನೋಡಿದ. ತನ್ನ ಹಲ್ಲು ಜುಮ್ಮೆಂದದ್ದು ಬಿಟ್ಟರೆ ಬೇರೇನೂ ನೆನಪಿಗೆ ಬರಲಿಲ್ಲ. ಯಾರು ಹಾಡಿದರೂ ಒಮ್ಮೆ ಕೇಳಿ ಸ್ವರ ಬಿಡದೆ ಒಪ್ಪಿಸುವವನಿಗೆ ಇದು ನಾಚಿಕೆಗೇಡು.

"ಮತ್ತೊಮ್ಮೆ ಕೇಳಿ ಬರತೀನ್ರಿ," ಅಂದ.

ಮರುದಿನ ನೀಲಗಂಗಾ ಮತ್ತು ಗೆಳತಿಯರು ಪಡಸಾಲೆ ಬಿಟ್ಟು ಹೊಳೆಯ ದಂಡೆಗೆ, ಒಂದು ಜಾಲಿಯ ಮರದ ನೆರಳಿಗೆ ಹೋಗಿದ್ದರು. ಇನ್ನು ನುಡಿಸುವುದು ತಮಗಾಗಿ ಮಾತ್ರ ಎಂದುಕೊಂಡಿದ್ದರು.

ಅಡಿವೆಪ್ಪ ಪ್ರಾಮಾಣಿಕ ಮನುಷ್ಯ. ನಿನ್ನೆ ಅರ್ಧಕ್ಕೆ ನಿಲ್ಲಿಸಿದೆ, ಇವತ್ತು ಪೂರ್ತಿ ಕೇಳಬೇಕು, ಸರಿಯಾಗಿ ಕೇಳಬೇಕು ಎಂದು ನಿಶ್ಚಯ ಮಾಡಿದ್ದ. ಸರಿಯಾಗಿ ಕೇಳಬೇಕೆಂದರೆ ಏನು ಬೇಕು? ತನ್ನ ತಂಬೂರಿಯನ್ನು ಹೆಗಲಿಗೆ ಹಾಕಿಕೊಂಡು ಬಂದ. ಮರದ ಬುಡದಲ್ಲಿ ಕೂತು ಕಣ್ಣು ಮುಚ್ಚಿ ಸುರ ಹಚ್ಚಿದ. ಚೊಕ್ಕವಾಗಿ ಕೂಡಿತು. ಆಮೇಲೆ ಮೀಟುತ್ತಾ, ಹ್ಞೂ ನಡೀಲಿ ಅಂದ.

ಗೆಳತಿಯರು ಮುಖ ಮುಖ ನೋಡಿಕೊಂಡರು. ನೀಲಗಂಗಾ ಕಮಾನು ಎತ್ತಿದಳು. ನುಡಿಸಿದರು. ಪಾಪ, ಕೊನೆಯವರೆಗೂ ನುಡಿಸಿದರು. ಅವನೂ ಕೊನೆಯವರೆಗೂ ಮೀಟಿದ. ಯಾರ ಮುಖದಲ್ಲೂ ಕಳೆ ಇರಲಿಲ್ಲ.

ಅಜ್ಜಾರು ಆಗ ಪಡಸಾಲೆಯಲ್ಲಿದ್ದರು. ಅವರ ಬದಿಗೆ ಒಬ್ಬ ಶಿಷ್ಯೆ ಪಾಳಿಯ ತಂಬೂರಿ ಮೀಟುತ್ತಿದ್ದಳು. ಅಡಿವೆಪ್ಪ ಬೆವರು ಒರೆಸಿಕೊಳ್ಳುತ್ತಾ ಬಂದು ಕೂತು, ಪೂರ್ತಿ ಕೇಳಿದೆ, ಇವತ್ತೂ ಹೊಂದಲಿಲ್ಲ ಅಂದ.

"ಯಾವುದಕ್ಕ ಹೊಂದಲಿಲ್ಲ?"

"ಷಡ್ಜಕ್ಕರಿ."

"ಯಾರ ಷಡ್ಜಕ್ಕ?"

"ನನ್ನ ತಂಬೂರಿ ಒಯ್ದಿದ್ನಲ್ರಿ."

ಅಜ್ಜಾರು ಅವನನ್ನೇ ನೋಡಿದರು. ಆಮೇಲೆ ಭುಜ ಕುಣಿಯುವಂತೆ ನಕ್ಕರು.

"ಬೀಗರ ಮನಿಗೆ ಊಟಕ್ಕ ಹೋಗಿ, ನಿನ್ನ ಬುತ್ತಿ ನೀನs ಬಿಚ್ಚಿಕೊಂಡು ಉಂಡು ಬಂದಿ. ಬಂದು, ಅವರ ಅಡಿಗಿ ರುಚಿ ಇರಲಿಲ್ಲ ಅಂತಿ."

ಹೀಗಂದವರು ಕೈ ಚಾಚಿ, ಪಕ್ಕದಲ್ಲಿ ಮೀಟುತ್ತಿದ್ದ ತಂಬೂರಿಯ ತಂತಿಗಳ ಮೇಲೆ ಅಂಗೈ ಇಟ್ಟುಬಿಟ್ಟರು.

ತಂಬೂರಿ ನಿಂತಿತು.

ಶಿಷ್ಯೆಯ ಮುಖ ಬಿಳಿಚಿಕೊಂಡಿತು. ಒಳಗಿನ ಕೋಣೆಯಲ್ಲಿ ಹಾಡುತ್ತಿದ್ದವರು ಗಪ್ಪಾದರು. ಬಸಲಿಂಗವ್ವ ಹಿಟ್ಟು ಹತ್ತಿದ ಕೈಯಲ್ಲೇ ಅಡಿಗೆಮನೆಯಿಂದ ಓಡಿ ಬಂದಳು, ಯಾರು ಹೋದರು, ಯಾರು ಹೋದರು ಅನ್ನುತ್ತಾ.

"ಯಾರೂ ಹೋಗಿಲ್ಲವ್ವಾ," ಅಂದರು ಅಜ್ಜಾರು. "ನಮ್ಮ ಅಡಿವೆಪ್ಪಗ ಕಿವಿ ಮೂಡಾಕ ಹತ್ಯಾವ. ನೀ ರೊಟ್ಟಿ ಬಡಿ ಹೋಗು."

ಅಡಿವೆಪ್ಪನಿಗೆ ನಗು ಬರಲಿಲ್ಲ. ಹಗಲ ಬೆಳಕಿನಲ್ಲಿ ಆ ಪಡಸಾಲೆ ಇಷ್ಟು ಸುಮ್ಮನಿದ್ದದ್ದನ್ನು ಅವನು ಹೆಣದ ಮುಂದೆ ಮಾತ್ರ ಕಂಡಿದ್ದ. ಕಾಲ ಕೆಳಗಿನ ನೆಲವನ್ನು ಯಾರೋ ಎಳೆದುಕೊಂಡಂತೆ ಅನಿಸಿತು. ನಿಜವಾಗಿ ಅಂಜಿಕೆಯಾಯಿತು.

"ನಿಂತಿತೇನು?" ಅಜ್ಜಾರು ಕೇಳಿದರು.

"ನಿಂತೈತ್ರಿ."

"ಪೂರಾ?"

ಅಡಿವೆಪ್ಪ ಕಿವಿಗೊಟ್ಟು ಕೇಳಿದ.

"ಇಲ್ರಿ. ನನ್ನ ತಲಿಯೊಳಗ ಇನ್ನೂ ನಡದೈತ್ರಿ."

"ಅದು ನಿಂತ ಮ್ಯಾಲೆ ಆಕಿ ಕಡೆ ಹೋಗು."

ಇಷ್ಟು ಹೇಳಿ ಅಂಗೈ ತೆಗೆದರು. ಪಾಳಿಯ ಶಿಷ್ಯೆ ಗಡಬಡಿಸಿ ಮತ್ತೆ ಮೀಟತೊಡಗಿದಳು.

ತಲೆಯೊಳಗಿನ ತಂಬೂರಿಯನ್ನು ನಿಲ್ಲಿಸುವುದು ಹೇಗೆ? ಅಡಿವೆಪ್ಪ ಪಡಸಾಲೆಯ ಸದ್ದು ಕೇಳಿಸದಷ್ಟು ದೂರ ಹೊಳೆಯ ದಂಡೆಗುಂಟ ನಡೆದ. ಒಂದು ಬಂಡೆಯ ಮೇಲೆ ಕೂತ.

ಆಚೆ ಹೊಲದಲ್ಲಿ ಒಂದು ಪಂಪ್‌ಸೆಟ್ ಓಡುತ್ತಿತ್ತು. ಪಂಚಮ, ಆದರೆ ತುಸು ಇಳಿದಿದೆ ಅಂದುಕೊಂಡ. ಯಾರೋ ಬಟ್ಟೆ ಒಗೆಯುತ್ತಿದ್ದರು. ಲಯ ತಪ್ಪುತ್ತಿದೆ ಅಂದುಕೊಂಡ. ಎಮ್ಮೆಯೊಂದು ಕೂಗಿತು. ಕೋಮಲ ನಿಷಾದದ ಹತ್ತಿರ ಹೋಯಿತು ಪುಣ್ಯಾತ್ಗಿತ್ತಿ, ಮುಟ್ಟಲಿಲ್ಲ ಅಂದುಕೊಂಡ.

ಆಮೇಲೆ ತನಗೇ ನಾಚಿಕೆಯಾಯಿತು. ಎಮ್ಮೆಗೂ ಪಾಠ ಹೇಳುತ್ತಿದ್ದೇನಲ್ಲ! ಜಗತ್ತೆಲ್ಲ ತನ್ನ ಮುಂದೆ ಪರೀಕ್ಷೆಗೆ ನಿಂತ ಹಾಗೆ, ತಾನು ಎಲ್ಲರಿಗೂ ಅಂಕ ಕೊಡುವವನ ಹಾಗೆ. ಯಾವಾಗಿನಿಂದ ಹೀಗಾದೆ ಎಂದು ಯೋಚಿಸಿದ. ಗೊತ್ತಾಗಲಿಲ್ಲ.

ಬಿಸಿಲಿಗೆ, ದಣಿವಿಗೆ, ಕೂತಲ್ಲೇ ಕಣ್ಣು ಹತ್ತಿತು. ಚೆನ್ನಾಗಿಯೇ ನಿದ್ದೆ ಹೋದ. ಎಚ್ಚರವಾದಾಗ ಪಂಪ್‌ಸೆಟ್ ಓಡುತ್ತಲೇ ಇತ್ತು. ಅದು ಬರೀ ಪಂಪ್‌ಸೆಟ್ ಆಗಿತ್ತು. ಬಟ್ಟೆಯ ಸದ್ದು ಬಟ್ಟೆಯದೇ ಆಗಿತ್ತು, ಅದಕ್ಕೆ ಒಂದು ತೂಕವಿತ್ತು, ಒದ್ದೆ ಇತ್ತು. ಹಾಗೇ ಸ್ವಲ್ಪ ಹೊತ್ತು ಕೂತ. ಚಂದ ಅನಿಸಿತು. ಎದ್ದು ಜಾಲಿಯ ಮರದ ಕಡೆ ನಡೆದ.

ಅವನನ್ನು ಕಂಡು ನೀಲಗಂಗಾ ಕಮಾನು ಇಳಿಸಿದಳು.

"ತಂಬೂರಿ ಎಲ್ಲೈತಿ ಅಣ್ಣ?"

"ಬಿಟ್ಟು ಬಂದೀನಿ."

ಅವಳು ಅವನ ಮುಖ ನೋಡಿದಳು. ನಂಬಲೋ ಬೇಡವೋ ಎಂಬಂತೆ ನೋಡಿದಳು. ಆಮೇಲೆ ಗೆಳತಿಯರಿಗೆ ಕಣ್ಸನ್ನೆ ಮಾಡಿದಳು.

ಚೆಲ್ಲೊ ಆಳದಲ್ಲಿ ಒಂದು ಸ್ವರ ಹಿಡಿಯಿತು. ಇದೇ ಈ ಹಾಡಿನ ಮನೆ ಇರಬಹುದು ಎಂದು ಅಡಿವೆಪ್ಪ ಅಲ್ಲಿ ಕೂರಲು ಹೋದ. ಅದು ಸರಿದುಬಿಟ್ಟಿತು. ಮೇಲೆ ವಯೋಲಿನ್ನಿನಲ್ಲಿ ಏನೋ ಪರಿಚಯದ ಎಳೆ ಬಂತು. ತೋಡಿ ರಾಗ! ಹಿಡಿದೇಬಿಟ್ಟೆ ಅಂದುಕೊಂಡ. ಒದ್ದೆ ಕೈಯಲ್ಲಿನ ಸಾಬೂನಿನ ಹಾಗೆ ಅದೂ ಜಾರಿ ಹೋಯಿತು. ಸಾಕಾಗಿ ಹಿಡಿಯುವುದನ್ನೇ ಬಿಟ್ಟ.

ಬಿಟ್ಟ ಮೇಲೆ ಒಂದು ಕಡೆ ಹೀಗಾಯಿತು.

ವಿಯೋಲಾ ಒಂದೇ ಸ್ವರವನ್ನು ತೆಳ್ಳಗೆ ಎಳೆದು ನಿಂತಿತು. ಉಳಿದ ಮೂರೂ ಬೇರೆ ಬೇರೆ ದಿಕ್ಕಿನಿಂದ ಅದರ ಕಡೆ ಬರತೊಡಗಿದವು. ಒಂದು ಮೇಲಿನಿಂದ ಇಳಿಯುತ್ತಾ, ಒಂದು ಕೆಳಗಿನಿಂದ ಏರುತ್ತಾ, ಒಂದು ನಿಂತು ನಿಂತು. ಹತ್ತಿರ ಬಂದವು. ಇನ್ನೂ ಹತ್ತಿರ. ಇನ್ನೇನು ಮುಟ್ಟಬೇಕು, ಕೂದಲೆಳೆಯಷ್ಟು ಅಂತರ ಬಿಟ್ಟು ಮೂರೂ ನಿಂತವು. ಆ ಅಂತರ ಗಾಳಿಯಲ್ಲಿ ಝುಂ ಅನ್ನುತ್ತಿತ್ತು. ಆಮೇಲೆ ನಾಲ್ಕೂ ಒಟ್ಟಿಗೆ ಸುಮ್ಮನಾದವು.

ತಾನು ಕೂತಲ್ಲಿಂದ ಮುಂದಕ್ಕೆ ಬಾಗಿದ್ದೇನೆ, ಉಸಿರು ಹಿಡಿದಿದ್ದೇನೆ ಎಂಬುದು ಅಡಿವೆಪ್ಪನಿಗೆ ಆಗ ತಿಳಿಯಿತು. ಅವು ಮುಟ್ಟಲಿ ಎಂದು ಅವನು ದೇವರನ್ನು ಬೇಡುವ ಹಾಗೆ ಬೇಡುತ್ತಿದ್ದ. ಮುಟ್ಟಿದ್ದರೆ ಮರೆತುಬಿಡುತ್ತಿದ್ದ.

ಉಳಿದ ಭಾಗ ಕೇಳಿಸಲೇ ಇಲ್ಲ. ಮುಗಿದ ಕೂಡಲೇ ಹೇಳಿದ:

"ಆ ನಡುವಿನದು, ಮೂರೂ ಬಂದು ನಿಲ್ಲತಾವಲ್ಲ, ಅದನ್ನೊಮ್ಮೆ ಮತ್ತ ಬಾರಸು."

ನುಡಿಸಿದರು. ಈ ಸಲ ಬರುವುದು ಗೊತ್ತಿತ್ತು. ಆದರೂ ಮತ್ತೆ ಬಾಗಿದ. ಇನ್ನೊಮ್ಮೆ ಅಂದ. ಇನ್ನೊಮ್ಮೆ ನುಡಿಸಿದರು. ಅವನ ಮುಖ ಜಿಲೇಬಿ ಕಂಡ ಕೂಸಿನ ಮುಖದಂತಾಗಿತ್ತು. ಬಂದ ದಿನದಿಂದ ನಗದ ನೀಲಗಂಗಾ ಅದನ್ನು ನೋಡಿ ನಕ್ಕಳು.

ಮೊದಲಿನಿಂದ ಮತ್ತೆ ಶುರು ಮಾಡಿಸಿದ. ಈಗ ಆ ಒಂದು ಜಾಗಕ್ಕೆ ದಾರಿ ಎಲ್ಲಿಂದ ಬರುತ್ತದೆ ಎಂದು ಕಾಯುತ್ತಾ ಕೇಳಿದ. ಕಾಯುವಾಗ ಇನ್ನೊಂದು ಜಾಗ ಸಿಕ್ಕಿತು. ಕಮಾನನ್ನು ತಂತಿಯ ತುದಿಗೆ ತಂದು ಕೆರೆಯುವಂತೆ ಎಳೆಯುತ್ತಿದ್ದರಲ್ಲ, ನಿನ್ನೆ ಅವನ ಹಲ್ಲು ಜುಮ್ಮೆನಿಸಿದ್ದು ಅದೇ. ಇವತ್ತು ಅದು ಗಂಟಲು ಕಟ್ಟಿದವರು ಮಾತಾಡಲು ಹೋದಂತೆ ಕೇಳಿತು. ಮೈ ಬಿಸಿಯಾಯಿತು.

ಪೂರ್ತಿ ತಿಳಿಯಿತೇ? ಎಲ್ಲಿಯ ಮಾತು. ಅರ್ಧವೂ ಇಲ್ಲ. ಕೆಲವು ಕಡೆ ಬೇಸರವೂ ಆಯಿತು. ಆದರೆ ಖುಷಿ ಆಯಿತು, ಹೊಟ್ಟೆ ತುಂಬ ಆಯಿತು.

"ಇದು ಯಾವುದರ ಬಗ್ಗೆ ತಂಗಿ?" ಕೇಳಿದ.

"ತೋಡಿ ಯಾವುದರ ಬಗ್ಗೆ ಅಣ್ಣ?"

ಅಡಿವೆಪ್ಪ ತಲೆ ಕೆರೆದುಕೊಂಡ. ಅಷ್ಟು ವರ್ಷ ಹಾಡಿದ್ದ, ಯಾರೂ ಕೇಳಿರಲಿಲ್ಲ.

ಪುಣ್ಯತಿಥಿಗೆ ನೀನು ನುಡಿಸಬೇಕು ಎಂದು ಅಲ್ಲೇ ಹೇಳಿದ. ಅವಳು ಕೂಡಲೇ ಹ್ಞೂ ಅನ್ನಲಿಲ್ಲ. ಪಡಸಾಲೆಯಲ್ಲಿ ನಾನು ನುಡಿಸಿದ್ದು ನಿನಗೆ ಹೇಗೆ ಕೇಳಿತ್ತು ಅಣ್ಣ, ಅವತ್ತು ಬಂದವರಿಗೆಲ್ಲ ಹಾಗೇ ಕೇಳುತ್ತದೆ ಅಂದಳು. ಮಾತು ಸುಳ್ಳಲ್ಲ. ಮೂಲೆಯಲ್ಲಿ ತಂಬೂರಿ ನಡೆದೇ ಇರುತ್ತದಲ್ಲ. ನೋಡತೀನಿ ಅಂದು ಎದ್ದ.

ಅಜ್ಜಾರ ಬಳಿ ಹೋಗಿ, ಆ ದಿನ ನೀಲಗಂಗಾ ನುಡಿಸುವಷ್ಟು ಹೊತ್ತು ತಂಬೂರಿ ನಿಲ್ಲಿಸಬಹುದೇ ಎಂದು ಕೇಳಿದ. ಕೇಳುವಾಗ ಅವನ ದನಿ ಸಣ್ಣದಾಯಿತು. ಗುರುಗಳ ಗುರುಗಳ ದಿನ. ಬಂದವರೆಲ್ಲ ಅದೇ ಷಡ್ಜದಲ್ಲಿ ಬೆಳೆದವರು.

"ಆ ಹೊತ್ತಿಗೆ ಪಾಳಿ ಯಾರದು?" ಅಜ್ಜಾರು ಕೇಳಿದರು.

"ನಂದರಿ."

"ಮತ್ತ ನನ್ನ ಯಾಕ ಕೇಳತಿ?"

ಇಷ್ಟೇ. ಆಮೇಲೆ ಅಜ್ಜಾರು ಹವಾ, ಬೆಳೆ, ಬಸಲಿಂಗವ್ವನ ಮೊಣಕಾಲು ನೋವು, ಇದರ ಬಗ್ಗೆ ಮಾತಾಡಿದರು. ಅಡಿವೆಪ್ಪ ಮಾತು ಎಷ್ಟು ತಿರುವಿದರೂ ಅವರು ಅಲ್ಲಿಗೆ ಬರಲಿಲ್ಲ.

ಪುಣ್ಯತಿಥಿಯ ದಿನ ಪಡಸಾಲೆ ತುಂಬಿ ಅಂಗಳಕ್ಕೆ ಚೆಲ್ಲಿತ್ತು. ಎದುರಿಗೆ ಮುರಿಗೆಪ್ಪ ಮಾಸ್ತರರು ಕೂತಿದ್ದರು. ಅಜ್ಜಾರ ಜೊತೆಗೇ ಕಲಿತವರು, ತಬಲಾದವರು. ಅಡಿವೆಪ್ಪನಿಗೆ ತಾಳ ಕಲಿಸಿದವರು ಅವರೇ, ತಪ್ಪಿದಾಗ ಬೆನ್ನಿಗೆ ಗುದ್ದಿದವರೂ ಅವರೇ. ಅವನಿಗೆ ಅವರೆಂದರೆ ಜೀವ.

ಹಾಡುಗಳಾದವು. ಅಡಿವೆಪ್ಪ ತನ್ನ ಪಾಳಿಗೆ ಕೂತು ತಂಬೂರಿ ಮೀಟುತ್ತಿದ್ದ. ನೀಲಗಂಗಾ ಗೆಳತಿಯರೊಡನೆ ಬಂದು ನಡುವೆ ಕೂತಳು. ಜನ ಚೆಲ್ಲೊವನ್ನು ಕತ್ತು ಎತ್ತಿ ನೋಡಿದರು.

ಅಡಿವೆಪ್ಪ ಮೀಟುತ್ತಲೇ ಇದ್ದ. ಬೆರಳು ಅದರಷ್ಟಕ್ಕೆ ನಡೆದಿತ್ತು. ನಿಲ್ಲಿಸಬೇಕು ಅಂದುಕೊಂಡ. ಇನ್ನೊಂದು ಸುತ್ತು ಆಗಲಿ ಅಂದುಕೊಂಡ. ನೀಲಗಂಗಾ ಅವನ ಕಡೆ ನೋಡಲಿಲ್ಲ, ತಲೆ ತಗ್ಗಿಸಿ ಕೂತಿದ್ದಳು. ಹಾಗೇ ಬಿಟ್ಟರೆ ಹಾಗೇ ನುಡಿಸಿ ಎದ್ದು ಹೋಗುವವಳು, ಒಂದು ಮಾತು ಆಡುವವಳಲ್ಲ.

ತಂಬೂರಿಯನ್ನು ನೆಲದ ಮೇಲೆ ಮಲಗಿಸಿದ.

ಪಡಸಾಲೆ ಸ್ತಬ್ಧವಾಯಿತು. ಹಿಂದಿನ ಸಾಲಿನ ಹೆಂಗಸೊಬ್ಬಳು ಅಯ್ಯೋ ಅಂದಳು. ಎಲ್ಲರ ಕಣ್ಣೂ ಒಮ್ಮೆಲೇ ಅಜ್ಜಾರ ಕಡೆ ತಿರುಗಿದವು. ಅಜ್ಜಾರು ಕಣ್ಣು ಮುಚ್ಚಿ ಗೋಡೆಗೆ ಒರಗಿದ್ದರು. ಸದ್ದು ನಿಂತದ್ದಕ್ಕೆ ಒಂದು ಕಣ್ಣು ತೆರೆದು, ತಾವು ಬದುಕಿರುವುದು ಜನಕ್ಕೆ ಗೊತ್ತಾಗಲಿ ಎಂದು ಬೆನ್ನು ಕೆರೆದುಕೊಂಡು, ಮತ್ತೆ ಮುಚ್ಚಿದರು.

ಮುರಿಗೆಪ್ಪ ಮಾಸ್ತರರು ಎದ್ದು ನಿಂತರು.

"ನಿಲ್ಲಸಂತ ಯಾರು ಹೇಳಿದ್ರು?"

ಅಜ್ಜಾರ ಹೆಸರು ಹೇಳಿದ್ದರೆ ಮಾತು ಮುಗಿಯುತ್ತಿತ್ತು. ಅಡಿವೆಪ್ಪನ ನಾಲಗೆಯ ತುದಿಗೆ ಅದು ಬಂದಿತ್ತು ಕೂಡ.

"ಯಾರೂ ಹೇಳಿಲ್ರಿ. ನಾನs ನಿಲ್ಲಿಸೀನಿ. ತಂಬೂರಿ ಇದ್ರ ಇದು ಕೇಳಸೂದಿಲ್ರಿ ಮಾಸ್ತರ."

ಮಾಸ್ತರರು ಟೋಪಿ ಸರಿ ಮಾಡಿಕೊಂಡು ಹೊರಟುಹೋದರು. ಅವರ ಹಿಂದೆ ಇನ್ನೂ ಕೆಲವರು ಎದ್ದರು. ಅಡಿವೆಪ್ಪನ ಕಣ್ಣು ತುಂಬಿ ಬಂದವು. ಹೋಗಬೇಡಿರಿ ಅನ್ನಬೇಕೆನಿಸಿತು, ಅನ್ನಲಿಲ್ಲ. ನೀಲಗಂಗಾಳಿಗೆ ತಲೆ ಅಲ್ಲಾಡಿಸಿದ.

ನಾಲ್ವರೂ ನುಡಿಸಿದರು. ಉಳಿದವರಲ್ಲಿ ಕೆಲವರು ಮೊದಲು ಕೆಮ್ಮಿದರು, ಎಲೆ ಅಡಿಕೆಯ ಚೀಲ ಬಿಚ್ಚಿದರು, ಒಬ್ಬ ತೂಕಡಿಸಿದ. ಆದರೆ ಆ ನಡುವಿನ ಜಾಗ ಬಂದಾಗ, ಮೂರೂ ವಾದ್ಯಗಳು ನಾಲ್ಕನೆಯದರ ಹತ್ತಿರ ಹತ್ತಿರ ಬಂದು ನಿಂತಾಗ, ಅಡಿವೆಪ್ಪ ಜನರನ್ನು ನೋಡಿದ. ಅಯ್ಯೋ ಅಂದಿದ್ದ ಹೆಂಗಸು ಸೆರಗಿನ ತುದಿ ಹಿಡಿದುಕೊಂಡು ಮುಂದಕ್ಕೆ ಬಾಗಿದ್ದಳು. ಬಾಯಿ ತುಸು ತೆರೆದಿತ್ತು.

ಮುಗಿಯಿತು. ವಾಹ್ ಅನ್ನಬೇಕಾದದ್ದು ಎಲ್ಲಿ ಎಂದು ಯಾರಿಗೂ ಗೊತ್ತಾಗಲಿಲ್ಲ. ಸುಮ್ಮನೆ ಕೂತರು. ಆಮೇಲೆ ಮುಂದಿನ ಪಾಳಿಯವನು ಬಂದು ತಂಬೂರಿ ಎತ್ತಿಕೊಂಡ. ಊಟಕ್ಕೆ ಎಲೆ ಹಾಕಿದರು.

ಸಂಜೆ ಗೆಳತಿಯರು ಪೆಟ್ಟಿಗೆಗಳನ್ನು ದೋಣಿಗೆ ಸಾಗಿಸತೊಡಗಿದರು. ನೀಲಗಂಗಾ ಅಡಿವೆಪ್ಪನ ಬಳಿ ಬಂದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ.

"ನನ್ನ ಸಲುವಾಗಿ ಮಾಸ್ತರರನ್ನ ಕಳಕೊಂಡಿ. ಇದನ್ನ ನಾ ಮರೆಯೂದಿಲ್ಲ ಅಣ್ಣ."

"ಹಂಗಾದ್ರ ಹೋಗಬ್ಯಾಡ."

"ಇಲ್ಲಿ ನಂದೇನೈತಿ ಕೆಲಸ? ವರ್ಷಕ್ಕೊಮ್ಮೆ ನನ್ನ ಸಲುವಾಗಿ ನೀ ತಂಬೂರಿ ಇಳಸಬೇಕು, ನಾಕು ಮಂದಿ ಎದ್ದು ಹೋಗಬೇಕು. ನೀವು ಸಹಿಸಿಕೊಳ್ಳೂ ಅತಿಥಿಯಾಗಿ ನಾ ಇಲ್ಲಿಗೆ ಹೆಂಗ ಬರ್ಲಿ?"

ಅವಳು ಹೇಳಿದ್ದು ಸರಿಯಾಗಿತ್ತು. ಅವಳು ದಂಡೆಗೆ ಇಳಿದಳು. ಅವನು ಅಜ್ಜಾರನ್ನು ಹುಡುಕಿಕೊಂಡು ಓಡಿದ.

ಅಜ್ಜಾರು ಹೊಳೆಯ ಮೆಟ್ಟಿಲ ಮೇಲೆ ಕೂತು ನೀರಿನಲ್ಲಿ ಕಾಲು ಇಳಿಬಿಟ್ಟಿದ್ದರು. ಅಡಿವೆಪ್ಪ ಏದುಸಿರು ಬಿಡುತ್ತಾ, ಅವಳು ಹೊರಟಳು, ನನ್ನ ಮಾತಿಗೆ ನಿಲ್ಲುತ್ತಿಲ್ಲ, ನೀವಾದರೂ ಒಂದು ಮಾತು ಹೇಳಿರಿ ಅಂದ. ಅಜ್ಜಾರು ನೀರಿನಲ್ಲಿ ಕಾಲು ಆಡಿಸುತ್ತಲೇ ಇದ್ದರು. ಅಡಿವೆಪ್ಪನಿಗೆ ದುಃಖ ಉಕ್ಕಿ ಬಂತು. ಆ ದುಃಖದಲ್ಲಿ, ಇಷ್ಟು ದಿನ ಕೇಳಲು ಧೈರ್ಯವಾಗದ್ದನ್ನು ಕೇಳಿಬಿಟ್ಟ.

"ಅಜ್ಜಾರ, ನಿಮಗರೆ ಆಕಿ ಸಂಗೀತ ತಿಳೀತೇನ್ರಿ?"

"ಇಲ್ಲ," ಅಂದರು ಅಜ್ಜಾರು.

ಅಡಿವೆಪ್ಪ ದಂಗಾಗಿ ನಿಂತ.

ಅಜ್ಜಾರು ನೀರಿನಿಂದ ಕಾಲು ತೆಗೆದರು. ಧೋತರದ ಅಂಚಿನಿಂದ ಒರೆಸಿಕೊಂಡರು. ಅವನ ಭುಜ ಹಿಡಿದು ಮೆಲ್ಲಗೆ ಎದ್ದರು.

"ದೋಣಿ ಬಿಡೂದರೊಳಗ ಓಡು. ಇಲ್ಲೊಬ್ಬ ಮುದುಕ ಅದಾನ, ಅವಗ ಏನೂ ಬರೂದಿಲ್ಲ, ನಾಳೆ ಮುಂಜಾನಿಂದ ಪಾಠಕ್ಕ ಹಚ್ಚಿಕೋತಿಯೇನು ಅಂತ ಆಕಿನ್ನ ಕೇಳಿ ಬಾ."